ತಿನ್ನುತ್ತ ತಿನ್ನುತ್ತ ಕಲಿತ ಸ್ವೀಡಿಷ್

ನಾನು ಮೊದಲಿನಿಂದಲೂ ತಿಂಡಿಪೋತಿ. ಹಾಗೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬೆಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ಬಸ್ ಸ್ಟಾಪಿಗೆ ನೇರ ದಾರಿ ಹಿಡಿದವಳೇ ಅಲ್ಲ. ಯಾವ ಸಂದಿಯಲ್ಲಿ ಆಂಬೊಡೆ ಬಾಣಲೆಯಿಂದ ಈಗ ತಾನೇ ಎದ್ದಿದೆ, ಯಾವ ಗಾಡಿಯವನ ಮಸಾಲೆ ಪುರಿಗೆ ಬಟಾಣಿ ಹದವಾಗಿ ಬೆಂದಿದೆ ಎಂದು ಮೂಗು ಹೇಳಿದ ಕಡೆ ಕಾಲು ಹೋಗುತ್ತಿತ್ತು.

ಅಂಥ ನಾನು ಎರಡು ಸಾವಿರದ ದಶಕದ ನಡುವಿನಲ್ಲಿ ಗಂಡನ ಜೊತೆ ಸ್ವೀಡನ್ನಿಗೆ ಬಂದೆ. ಅವರಿಗೆ ಲುಂಡ್‌ನಲ್ಲಿ ಮೊಬೈಲ್ ಫೋನಿನ ಆಂಟೆನಾಗಳನ್ನು ಪರೀಕ್ಷೆ ಮಾಡುವ ಕೆಲಸ. ಆದರೆ ಲುಂಡ್ ಎಂದರೆ ವಿದ್ಯಾರ್ಥಿಗಳ ಊರು. ಅಲ್ಲಿ ಸೈಕಲ್ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ, ಇನ್ನು ಬಾಡಿಗೆ ಮನೆ ಎಲ್ಲಿ ಬಂತು? ಕೊನೆಗೆ ನಮಗೆ ಸಿಕ್ಕಿದ್ದು ಪಕ್ಕದ ಮಾಲ್ಮೊ ನಗರದ ಮೊಲ್ಲೆವೋಂಗೆನ್ ಎಂಬ ಬಡಾವಣೆಯಲ್ಲಿ, ಮೂರನೇ ಮಹಡಿಯ ಒಂದು ಪುಟ್ಟ ಮನೆ. ಊರಿನವರ ಬಾಯಲ್ಲಿ ಅದು ಬರೀ ಮೊಲ್ಲನ್.

ಮೊಲ್ಲನ್‌ನಲ್ಲಿ ಮನೆ ಎಂದಾಗ ಲುಂಡ್‌ನ ಕನ್ನಡದವರ ಮುಖ ಸಪ್ಪಗಾಗುತ್ತಿತ್ತು. ಹಿಂದೆ ಕಾರ್ಖಾನೆ ಕೂಲಿಗಳು ಇದ್ದ ಜಾಗ ಅದು. ಕಾರ್ಖಾನೆಗಳು ಮುಚ್ಚಿದ ಮೇಲೆ ಬಾಗ್ದಾದಿನವರು, ಬೈರೂತಿನವರು, ಬೋಸ್ನಿಯಾದವರು ಬಂದು ತುಂಬಿಕೊಂಡಿದ್ದರು. ಗೋಡೆಗಳ ತುಂಬ ಬಣ್ಣದ ಗೀಚು, ಶುಕ್ರವಾರ ಬಂದರೆ ಗಲಾಟೆ. "ಸ್ವಲ್ಪ ಹುಷಾರಾಗಿರಮ್ಮ, ಬೇರೆ ಕಡೆ ಸಿಕ್ಕಿದ ತಕ್ಷಣ ಬಿಟ್ಟುಬಿಡಿ" ಎಂದು ಎಲ್ಲರೂ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಕಿಟಕಿ ತೆರೆದಾಗ ಕೆಳಗಿನ ಬೀದಿಯಿಂದ ಬಿಸಿ ರೊಟ್ಟಿಯ, ಸುಟ್ಟ ಎಳ್ಳಿನ, ಕರಿದ ಕಡಲೆಯ ವಾಸನೆ ಒಟ್ಟಿಗೇ ಮೇಲೆ ಬಂದಿತ್ತು. ಫೆಬ್ರವರಿಯ ಚಳಿ ಮುಖಕ್ಕೆ ಹೊಡೆಯುತ್ತಿದ್ದರೂ ಕಿಟಕಿ ಮುಚ್ಚಲು ನನಗೆ ಮನಸ್ಸು ಬರಲಿಲ್ಲ. ಈ ಜಾಗ ಬಿಟ್ಟು ನಾನೆಲ್ಲಿಗೂ ಬರುವುದಿಲ್ಲ ಎಂದು ಆಗಲೇ ಗೊತ್ತಾಗಿಹೋಗಿತ್ತು.

ಆದರೆ ಇಳಿದು ಹೋಗಿ ತಿನ್ನುವ ಧೈರ್ಯ ಮಾತ್ರ ಇರಲಿಲ್ಲ. ಏನು ಕೇಳಬೇಕು, ಹೇಗೆ ಕೇಳಬೇಕು, ಅದರಲ್ಲಿ ಮಾಂಸ ಇದೆಯೋ ಇಲ್ಲವೋ ಎಂದು ವಿಚಾರಿಸುವುದು ಹೇಗೆ? ಅಂಗಡಿಗಳ ಮುಂದೆ ನಿಧಾನವಾಗಿ ನಡೆದು, ಗಾಜಿನ ಒಳಗೆ ಇಣುಕಿ, ಮನೆಗೆ ವಾಪಸು ಬಂದು ಅನ್ನ ಸಾರು ಉಣ್ಣುತ್ತಿದ್ದೆ. ಹೀಗೇ ಕೆಲವು ವಾರ ಕಳೆಯಿತು. ಆಮೇಲೆ ವಲಸೆ ಬಂದವರಿಗೆ ಕೊಮ್ಮೂನ್, ಅಂದರೆ ಇಲ್ಲಿನ ನಗರಸಭೆ, ನಡೆಸುವ ಸ್ವೀಡಿಷ್ ತರಗತಿಗೆ ಸೇರಿಕೊಂಡೆ. ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವಳಿಂದಲೇ ಎಲ್ಲ ಬದಲಾಯಿತು.

ಅವಳು ಮಲೇಷ್ಯಾದವಳು. ಇಪೋ ಎಂಬ ಊರು. ಅಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ತಮಿಳರ ಮನೆಯ ಹೆಣ್ಣು, ಹಡಗಿನ ಎಂಜಿನಿಯರನೊಬ್ಬನನ್ನು ಮದುವೆಯಾಗಿ ಮಾಲ್ಮೊಗೆ ಬಂದಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ನಾನು ಬೆಂಗಳೂರಿನವಳಾದ್ದರಿಂದ ಅರೆಬರೆ ತಮಿಳು ಬರುತ್ತಿತ್ತು. ಅವಳ ತಮಿಳಿನಲ್ಲಿ ಮಲಯ್ ಭಾಷೆಯೂ ಇಂಗ್ಲಿಷೂ ಬೆರೆತಿದ್ದವು. ಅಂತೂ ಮಾತು ನಡೆಯುತ್ತಿತ್ತು. ಮೊದಲ ದಿನವೇ ಅವಳು ನನ್ನನ್ನು "ತಂಗಚ್ಚಿ" ಎಂದಳು, ನಾನು "ಅಕ್ಕಾ" ಎಂದೆ. ತಮಿಳಿನಲ್ಲಿ ಇಪ್ಪೋ ಎಂದರೆ ಈಗ. ಅವಳ ಸ್ವಭಾವವೂ ಊರಿನ ಹೆಸರಿಗೆ ತಕ್ಕ ಹಾಗೆಯೇ ಇತ್ತು. ನಾಳೆ, ಆಮೇಲೆ, ನೋಡೋಣ ಎಂಬ ಮಾತುಗಳು ಅವಳಿಗೆ ಹಿಡಿಸುತ್ತಿರಲಿಲ್ಲ.

ಒಂದು ದಿನ ನಮ್ಮ ಮೇಡಂ ತರಗತಿಯಲ್ಲಿ, "ಪುಸ್ತಕದಿಂದ ಭಾಷೆ ಬರುವುದಿಲ್ಲ, ಹೊರಗೆ ಹೋಗಿ ಮಾತಾಡಿ. ಆದರೆ ಒಂದು ಕಷ್ಟ ಇದೆ, ನೀವು ತಡವರಿಸಿದ ಕೂಡಲೇ ನಮ್ಮ ಜನ ಇಂಗ್ಲಿಷಿಗೆ ತಿರುಗಿಬಿಡುತ್ತಾರೆ" ಎಂದರು. ತರಗತಿ ಮುಗಿದು ಮೆಟ್ಟಿಲು ಇಳಿಯುವಾಗ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನಿನಗೆ ತಿನ್ನೋದು ಇಷ್ಟ ತಾನೇ?"

"ತುಂಬಾ."

"ಹಾಗಾದ್ರೆ ಪ್ರತಿ ಶನಿವಾರ ಒಂದು ಹೊಸ ಅಂಗಡಿ. ಸ್ವೀಡಿಷಲ್ಲೇ ಕೇಳಬೇಕು, ಸ್ವೀಡಿಷಲ್ಲೇ ತಿನ್ನಬೇಕು. ಯಾರ ಬಾಯಿಂದ ಇಂಗ್ಲಿಷ್ ಬರುತ್ತೋ ಅವರಿಗೆ ಆವತ್ತು ಸಿಹಿ ಇಲ್ಲ."

"ಯಾವಾಗಿಂದ ಅಕ್ಕಾ?"

ಅವಳು ನಕ್ಕಳು. ಕೇಳಬಾರದಿತ್ತು. ಆವತ್ತು ಬುಧವಾರವಾಗಿದ್ದರೂ ನಾವು ನೇರ ಹೋಗಿದ್ದು ಮೊಲ್ಲನ್ ಚೌಕಕ್ಕೆ.

ಆ ಚೌಕದ ನಡುವೆ ಒಂದು ಕಂಚಿನ ಶಿಲ್ಪ ಇದೆ. ಬತ್ತಲೆ ಮೈಯ ಗಂಡಸರು, ಹೆಂಗಸರು ಸೇರಿ ಒಂದು ಭಾರೀ ಬಂಡೆಯನ್ನು ಎತ್ತಿ ಹಿಡಿದಿದ್ದಾರೆ. ಅವರ ಕಾಲ ಬುಡದಲ್ಲಿ ತರಕಾರಿ ಸಂತೆ. ಬದನೆಕಾಯಿ, ಕೊತ್ತಂಬರಿ ಕಟ್ಟು, ದಾಳಿಂಬೆ ರಾಶಿ ಹಾಕಿಕೊಂಡು ಮಾರುವವರು ಅರಬ್ಬಿಯಲ್ಲಿ ಕೂಗುತ್ತಿರುತ್ತಾರೆ. ಅದರ ಮೂಲೆಯಲ್ಲೇ ಫಲಾಫೆಲ್ ಅಂಗಡಿ. ಇರಾಕಿನವನು, ಬಾಗಿಲಿಗಿಂತ ಅಗಲವಾದ ಮನುಷ್ಯ. ನೆನೆಸಿ ರುಬ್ಬಿದ ಕಡಲೆಯ ಉಂಡೆಗಳನ್ನು ಎಣ್ಣೆಗೆ ಬಿಡುತ್ತಿದ್ದ. ಆ ಸದ್ದು ಕೇಳಿಯೇ ನನಗೆ ಅರ್ಧ ಹೊಟ್ಟೆ ತುಂಬಿತು.

"ಆಲ್ಟ್?" ಎಂದು ಕೇಳಿದ. ಎಲ್ಲ ಹಾಕಲೇ ಎಂದರ್ಥ.

"ಆಲ್ಟ್" ಎಂದೆ. ನನ್ನ ಮೊದಲ ಸ್ವೀಡಿಷ್ ವ್ಯವಹಾರ.

"ಸ್ಟಾರ್ಕ್?" ಖಾರದ ಚಟ್ನಿಯ ಡಬ್ಬಿ ತೋರಿಸಿದ.

"ಸ್ಟಾರ್ಕ್" ಎಂದೆ. ಅವನು ಹಕ್ಕಿಗೆ ಹಾಕಿದಷ್ಟು ಹಾಕಿದ. "ಮೇರ್" ಎಂದೆ, ಇನ್ನೂ ಎಂದು. ಇನ್ನಷ್ಟು ಹಾಕಿದ. "ಮೇರ್!" ಎಂದೆ. ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ಅಕ್ಕ ಗಂಭೀರವಾಗಿ ತಲೆಯಾಡಿಸಿದಳು. ಚಪಾತಿಯಂಥ ತೆಳ್ಳನೆಯ ರೊಟ್ಟಿಯಲ್ಲಿ ಸುತ್ತಿ ಕೊಟ್ಟಿದ್ದನ್ನು ಅಲ್ಲೇ ಚಳಿಯಲ್ಲಿ ನಿಂತು ಕಚ್ಚಿದೆ. ಹೊರಗೆ ಗರಿಗರಿ, ಒಳಗೆ ಹಸಿರು ಹಸಿರಾಗಿ ಮೆತ್ತಗೆ, ನಮ್ಮ ಆಂಬೊಡೆಯ ದೂರದ ನೆಂಟನ ಹಾಗೆ. ಖಾರ ಕಿವಿಗೆ ಹತ್ತಿತು, ಕಣ್ಣಲ್ಲಿ ನೀರು ಬಂತು. ಅಂಗಡಿಯವನು ಕಿಟಕಿಯಿಂದ ತಲೆ ಹೊರಹಾಕಿ ನೀರಿನ ಲೋಟ ಚಾಚಿದ. ನಾನು ಬೇಡವೆಂದು ಕೈಯಾಡಿಸಿ ಎಲ್ಲವನ್ನೂ ತಿಂದು ಮುಗಿಸಿದೆ. ಅವನು ಜೋರಾಗಿ ಚಪ್ಪಾಳೆ ತಟ್ಟಿದ. ಆ ದಿನದಿಂದ ನಾನು ಬೀದಿಯಲ್ಲಿ ಕಂಡರೆ ಸಾಕು, "ಸ್ಟಾರ್ಕ್!" ಎಂದು ಕೂಗಿ ಕೈಯೆತ್ತುತ್ತಿದ್ದ.

ಗಂಡನಿಗೆ ಹೇಳಿದರೆ ನಂಬಲಿಲ್ಲ. "ನೀನು ಒಬ್ಳೇ ಮಾತಾಡಿ ತಗೊಂಡ್ಯಾ? ನಾನು ಆಫೀಸಲ್ಲಿ ಇನ್ನೂ ಗುಡ್ ಮಾರ್ನಿಂಗ್ ಅಂತಾನೇ ಇದೀನಿ" ಎಂದರು.

ಆಮೇಲೆ ಶನಿವಾರಗಳು ಶುರುವಾದವು. ವಾರವಿಡೀ ನಾನು ಕಾಯುತ್ತಿದ್ದುದು ಅದಕ್ಕೇ. ಬೆಳಿಗ್ಗೆ ಎದ್ದು ಕೋಟು, ಟೋಪಿ, ಮಫ್ಲರ್ ಎಲ್ಲ ಏರಿಸಿ ಕೆಳಗಿಳಿದರೆ ಅಕ್ಕ ಬಾಗಿಲ ಹೊರಗೆ ಕಾಲು ಕುಟ್ಟುತ್ತ ನಿಂತಿರುತ್ತಿದ್ದಳು. ಯಾವ ಬೀದಿ ಎಂದು ಮೊದಲೇ ಗೊತ್ತುಮಾಡುತ್ತಿರಲಿಲ್ಲ. ಗಾಜಿನ ಮೇಲೆ ಆವಿ ಕಟ್ಟಿದ ಕಿಟಕಿ ಕಂಡರೆ ಒಳಗೆ ನುಗ್ಗುವುದು. ಹಾಗೆ ನುಗ್ಗಿದ ಒಂದು ಕಡೆ ದೋಣಿಯಾಕಾರದ ಇರಾಕಿ ರೊಟ್ಟಿಗಳನ್ನು ಗೂಡೊಲೆಯಿಂದ ಸೌಟಿನಂಥ ಉದ್ದನೆಯ ಹಲಗೆಯಲ್ಲಿ ಎಳೆದು ಹಾಕುತ್ತಿದ್ದರು. ಮತ್ತೊಂದು ಕಡೆ ವಿಯೆಟ್ನಾಮಿನ ಅಜ್ಜಿಯೊಬ್ಬಳು ನನ್ನ ಸ್ವೀಡಿಷನ್ನು ತಿದ್ದಿ, ಸರಿಯಾಗಿ ಹೇಳುವವರೆಗೂ ತಟ್ಟೆಯನ್ನು ಕೈಗೆ ಕೊಡಲಿಲ್ಲ. ಇನ್ನೊಂದು ಕಡೆ ಒಳಗೆ ಹೋಗಿ ಕೂತ ಮೇಲೆ ಅದು ಹೋಟೆಲಲ್ಲ, ಕ್ಷೌರದಂಗಡಿ ಎಂದು ಗೊತ್ತಾಯಿತು. ಕ್ಷೌರಿಕನು ನಗುತ್ತ ಚಹಾ ಕೊಟ್ಟೇ ಕಳಿಸಿದ.

ಬೋಸ್ನಿಯಾದವರ ಕಾಫಿ ಅಂಗಡಿಗೆ ಹೋದ ದಿನ ಮಾತ್ರ ನನ್ನ ಎದೆ ಹೊಡೆದುಕೊಂಡಿತು. ಬಾಗಿಲು ತೆರೆದರೆ ಒಳಗೆಲ್ಲ ವಯಸ್ಸಾದ ಗಂಡಸರು, ಸಿಗರೇಟಿನ ಹಳೇ ವಾಸನೆ, ಚದುರಂಗದ ಹಾಸು. ಮಾತೆಲ್ಲ ಗಕ್ಕನೆ ನಿಂತಿತು. ಗೋಡೆಯ ಮೇಲೆ ತಿಂಡಿಯ ಹೆಸರೂ ಇಲ್ಲ, ಬೆಲೆಯೂ ಇಲ್ಲ. ನಾನು ಅಕ್ಕನ ಕೋಟು ಹಿಂದಿನಿಂದ ಜಗ್ಗಿದೆ.

"ಬಾ ಅಕ್ಕಾ, ಹೋಗೋಣ."

"ಹಸಿವಾಗಿಲ್ವಾ ನಿನಗೆ?" ಎಂದವಳೇ ಇಡೀ ಕೋಣೆಗೆ ಕೇಳುವ ಹಾಗೆ "ಹೇಯ್!" ಎಂದು ಸ್ವೀಡಿಷ್ ನಮಸ್ಕಾರ ಹೇಳಿದಳು.

ಮೂಲೆಯ ಮುದುಕರೊಬ್ಬರು ಎದ್ದು, ತಮ್ಮ ಚದುರಂಗದ ಕಾಯಿಗಳನ್ನು ಒಂದಿಷ್ಟೂ ಅಲುಗದಂತೆ ಪಕ್ಕದ ಮೇಜಿಗೆ ಸಾಗಿಸಿ, ನಮಗೆ ಎರಡು ಕುರ್ಚಿ ಎಳೆದು ಕೊಟ್ಟರು. ಅಡುಗೆಮನೆಯಿಂದ ಅಂಗಡಿಯ ಒಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಮಾಂಸದ್ದೋ ಆಲೂಗಡ್ಡೆಯದ್ದೋ ಎಂದು ಕೇಳಿದಳು. ನಾನು ಹೆದರಿಕೆಯಲ್ಲಿ "ಪೊಟಾಟಿಸ್!" ಎಂದು ಕಿರುಚಿಬಿಟ್ಟೆ. ಎಲ್ಲರೂ ನಕ್ಕರು. ತಟ್ಟೆಯಲ್ಲಿ ಬಂದಿದ್ದು ಸುರುಳಿ ಸುತ್ತಿದ ಪದರ ಪದರದ ಹಿಟ್ಟು, ಒಳಗೆ ಮೆಣಸು ಹಾಕಿದ ಆಲೂಗಡ್ಡೆ, ಪಕ್ಕದಲ್ಲಿ ಗಟ್ಟಿ ಮೊಸರು. ಕಾಫಿ ಒಂದು ತಾಮ್ರದ ಪುಟ್ಟ ಹಿಡಿಕೆ ಪಾತ್ರೆಯಲ್ಲಿ, ಡಿಕಾಕ್ಷನ್ನಿಗಿಂತ ಮಂದ. ನಾನು ಮೊಸರಿಗೆ ಆಲೂಗಡ್ಡೆ ಕಲೆಸಿ ಬೆರಳಲ್ಲೇ ತಿನ್ನುವುದನ್ನು ಆ ಒಡತಿ ಕೈಕಟ್ಟಿ ನಿಂತು ನೋಡಿದಳು, ಕೇಳದೆಯೇ ಇನ್ನೊಂದು ಸುರುಳಿ ತಂದಿಟ್ಟಳು.

ಆ ವಸಂತದಲ್ಲಿ ಮೊಲ್ಲನ್ ಕಣ್ಣೆದುರಿಗೇ ಬದಲಾಗುತ್ತಿತ್ತು. ಮುಚ್ಚಿದ ಅಂಗಡಿಗಳ ಮರದ ಹಲಗೆಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಒಂದು ಕಡೆ ಬಣ್ಣ ಹೊಡೆಯುತ್ತಿದ್ದಾರೆ, ಮತ್ತೊಂದು ಕಡೆ ಎಸ್ಪ್ರೆಸೊ ಯಂತ್ರವನ್ನು ನಾಲ್ಕು ಜನ ಹೊತ್ತು ಒಳಗೆ ಸಾಗಿಸುತ್ತಿದ್ದಾರೆ. "ನಮ್ಮೂರಲ್ಲೂ ಹೀಗೇ" ಎಂದು ಅಕ್ಕ ಹೇಳಿದಳು. "ತವರದ ಗಣಿ ನಿಂತ ಮೇಲೆ ಹಳೇ ಪೇಟೆ ಪೂರ್ತಿ ಮಲಗಿಬಿಟ್ಟಿತ್ತು. ನಾನು ಬರೋ ಹೊತ್ತಿಗೆ ಒಂದೊಂದೇ ಕಾಫಿ ಅಂಗಡಿಗೆ ಹೊಸ ದೀಪ ಹಾಕ್ತಾ ಇದ್ರು. ಸಾಯಂಕಾಲ ಅಲ್ಲಿ ನಡೆದು ಹೋಗೋದಂದ್ರೆ ಹಬ್ಬ ನೋಡಿದ ಹಾಗೆ." ಅವಳು ಅದನ್ನು ಬೇಸರದಿಂದ ಹೇಳಲಿಲ್ಲ. ಮತ್ತೊಮ್ಮೆ ಅಂಥದನ್ನು ನೋಡುವ ಭಾಗ್ಯ ಸಿಕ್ಕಿತಲ್ಲ ಎಂಬ ಹಿಗ್ಗು ಇತ್ತು.

ಹೊಸ ಅಂಗಡಿಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಒಂದು ಕೆಫೆ. ಮೊದಲು ಅದು ಹ್ಯಾಂಬರ್ಗರ್ ಅಂಗಡಿಯಾಗಿತ್ತಂತೆ. ಗಡ್ಡದ ಯುವಕನೊಬ್ಬ ಅದನ್ನು ಕೊಂಡು, ಒಂದಕ್ಕೊಂದು ಹೊಂದದ ಹಳೇ ಕುರ್ಚಿಗಳನ್ನು ಹಾಕಿ, ಹಿಂದಿನವರು ಬಿಟ್ಟುಹೋಗಿದ್ದ, ದೋಸೆ ಕಾವಲಿಯಂಥ ಅಗಲವಾದ ಕಬ್ಬಿಣದ ಒಲೆಹಲಗೆಯ ಮೇಲೆ ಹೂವಿನ ಕುಂಡ ಸಾಲಾಗಿ ಇಟ್ಟಿದ್ದ. ಬಾಗಿಲು ತೆರೆದಾಗ ಬಂದ ವಾಸನೆಗೆ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಅಕ್ಕಾ, ಏಲಕ್ಕಿ!"

ಸ್ವೀಡನ್ನಿನವರು ಬನ್ನಿಗೆ ಏಲಕ್ಕಿ ಹಾಕುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಉರುಟಾಗಿ ಕುಟ್ಟಿದ ಏಲಕ್ಕಿ, ಬೆಣ್ಣೆ, ಸಕ್ಕರೆ ಸೇರಿಸಿ ಗಂಟು ಹಾಕಿದ ಬನ್ನು. ಹೆಸರು ಕಾರ್ಡೆಮುಮ್ಮಬುಲ್ಲೆ. ಆ ಹೆಸರನ್ನು ತಪ್ಪಿಲ್ಲದೆ ಹೇಳಲು ನಾನು ಮೂರು ಸಲ ಒದ್ದಾಡಿದೆ. ಗಡ್ಡದವನು ಪಾಪ ಎಂದು ಇಂಗ್ಲಿಷಿನಲ್ಲಿ, "ಇಲ್ಲೇ ಕೂತ್ಕೋತೀರಾ, ಕಟ್ಟಿಕೊಡಲಾ?" ಎಂದ.

ಅಕ್ಕ ಕೌಂಟರಿನ ಮೇಲೆ ಬೆರಳಿಂದ ತಟ್ಟಿ, "ಸ್ವೆನ್‌ಸ್ಕಾ, ತಾಕ್!" ಎಂದಳು. ಸ್ವೀಡಿಷ್ ಮಾತಾಡಪ್ಪ ಎಂದು. ಅವನಿಗೆ ಮುಖ ಕೆಂಪಾಯಿತು. ತನ್ನ ದೇಶದಲ್ಲಿ ತನ್ನ ಭಾಷೆ ಆಡೆಂದು ಯಾರೂ ಅವನನ್ನು ಗದರಿಸಿರಲಿಲ್ಲವೇನೋ. ಅಂದಿನಿಂದ ನಾವು ಹೋದಾಗಲೆಲ್ಲ ಅವನು ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಆಡುತ್ತಿದ್ದ. ಕಾಫಿಯನ್ನು ಎರಡನೇ ಸಲ ತುಂಬಿಸಿಕೊಳ್ಳುವುದಕ್ಕೆ ಪೋಟೋರ್ ಎಂಬ ಪ್ರತ್ಯೇಕ ಪದವೇ ಇದೆ ಎಂದು ಹೇಳಿಕೊಟ್ಟ. ಬೈಟು ಕಾಫಿಯ ಊರಿನಿಂದ ಬಂದ ನನಗೆ ಅದು ಒಂದು ಮಹಾಸಂಗತಿ.

ಮೇ ತಿಂಗಳಲ್ಲಿ ನಡೆದದ್ದೇ ದೊಡ್ಡದು. ಪ್ರತಿ ವರ್ಷ ಬಿಸಿಲು ಬಿದ್ದ ಮೇಲೆ ಲುಂಡ್‌ನ ಕನ್ನಡದವರು ಒಂದು ಶಾಲೆಯ ಹಾಲ್‌ನಲ್ಲಿ ಕೂಡಿ ಊಟ ಮಾಡುವ ರೂಢಿ. ಎಲ್ಲ ವ್ಯವಸ್ಥೆಯೂ ಹಿರಿಯರೊಬ್ಬರದು. ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಅವರನ್ನು ನಾವೆಲ್ಲ ಸರ್ ಎಂದೇ ಕರೆಯುತ್ತಿದ್ದೆವು. ಧಾರವಾಡದ ಕಡೆಯವರು, ಆದರೆ ನಮ್ಮ ಜೊತೆ ಬೆಂಗಳೂರಿನ ಕನ್ನಡವನ್ನೇ ಅಳೆದು ತೂಗಿ ಆಡುತ್ತಿದ್ದರು. ಆ ವರ್ಷ ಶಾಲೆಯ ಹಾಲ್‌ಗೆ ಹೊಸ ನೆಲ ಹಾಕುತ್ತಿದ್ದರಿಂದ ಜಾಗ ಇಲ್ಲವೆಂದು ಸರ್ ಫೋನಿನಲ್ಲಿ ಪೇಚಾಡಿಕೊಂಡರು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಸರ್, ಈ ಸಲ ಎಲ್ಲರೂ ಮೊಲ್ಲನ್‌ಗೆ ಬನ್ನಿ. ಒಂದೊಂದು ಕಡೆ ಒಂದೊಂದು ತಿಂತಾ ಸುತ್ತೋಣ. ನಾನು ಕರ್ಕೊಂಡು ಹೋಗ್ತೀನಿ."

"ಆ ಏರಿಯಾಕ್ಕಾ? ಮಕ್ಕಳು ಮರಿ ಬರ್ತಾರಮ್ಮ. ಅಲ್ಲೆಲ್ಲಾ ನಮಗೆ ಸರಿಹೋಗೋ ಊಟ ಸಿಗುತ್ತಾ?"

"ಸಿಗುತ್ತೆ ಸರ್. ಜವಾಬ್ದಾರಿ ನಂದು."

ಫೋನ್ ಇಟ್ಟಾಗ ಗಂಡ ನನ್ನನ್ನೇ ನೋಡುತ್ತಿದ್ದರು. "ತಲೆ ಕೆಟ್ಟಿದೆಯಾ ನಿಂಗೆ? ಅಷ್ಟು ಜನಾನ ಬೀದಿ ಬೀದಿ ತಿರುಗಿಸ್ತೀಯಾ?"

"ನೀವೂ ಬರ್ತೀರಾ ರೀ, ಹಿಂದುಗಡೆಯಿಂದ ಮಕ್ಕಳನ್ನ ಎಣಿಸ್ತಾ."

ಬೋಸ್ನಿಯಾದ ಒಡತಿಗೆ ಮುಖ್ಯ ಊಟ ಹೇಳಿದೆ, ಬೇಕಾದಷ್ಟು ಆಲೂಗಡ್ಡೆ ಸುರುಳಿ ಮಾಡಿಡುತ್ತೇನೆ ಎಂದಳು. ಕೊನೆಗೆ ಸಂಜೆ ನಮ್ಮ ಮನೆಯಲ್ಲಿ ಚಹಾ. ಆಗ ಮಕ್ಕಳಿಗಾಗಿ ತನ್ನ ಊರಿನ ರೋಟಿ ಮಾಡುತ್ತೇನೆಂದು ಅಕ್ಕ ತಾನೇ ಮುಂದೆ ಬಂದಳು. ಮೈದಾ ಕಲೆಸಿ, ಉಂಡೆ ಕಟ್ಟಿ, ಎಣ್ಣೆಯಲ್ಲಿ ಅದ್ದಿ ರಾತ್ರಿಯಿಡೀ ನೆನೆಯಲು ಬಿಟ್ಟಿದ್ದ ದೊಡ್ಡ ಪಾತ್ರೆಯನ್ನು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ತಂದಿಟ್ಟಳು. ನಾನು ಅದಕ್ಕೆ ನೆಂಚಿಕೊಳ್ಳಲು ತೊಗರಿಬೇಳೆಯ ಗಟ್ಟಿ ಸಾರು ಮಾಡಿ ಮುಚ್ಚಿಟ್ಟೆ.

ಶನಿವಾರ ಬಸ್ಸಿನಿಂದ ಇಳಿದವರನ್ನು ನೋಡಿದರೆ ಒಂದು ಮದುವೆ ದಿಬ್ಬಣದ ಹಾಗಿತ್ತು. ಸರ್ ಮಾತ್ರ ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದರು. ಫಲಾಫೆಲ್ ಅಂಗಡಿಯವನು ದೂರದಿಂದಲೇ "ಸ್ಟಾರ್ಕ್!" ಎಂದು ಕೂಗಿದಾಗ ಹೆಂಗಸರೆಲ್ಲ ನನ್ನತ್ತ ತಿರುಗಿದರು. "ಏನ್ರೀ ಇದು, ನಿಮಗೆ ಇಲ್ಲೆಲ್ಲಾ ಇಷ್ಟು ಪರಿಚಯಾನಾ?" ಎಂದರು. ನನಗೆ ಒಳಗೊಳಗೇ ಹಬ್ಬ. ಖಾರದ ಡಬ್ಬಿ ಕೈಯಿಂದ ಕೈಗೆ ಓಡಾಡಿತು. ಕೆಫೆಯಲ್ಲಿ ಮಕ್ಕಳು ಸ್ವೀಡಿಷಿನಲ್ಲಿ ಗಲಗಲ ಮಾತಾಡಿ ಗಡ್ಡದವನನ್ನು ಸುತ್ತುಗಟ್ಟಿದರು, ಏಲಕ್ಕಿ ಬನ್ನಿನ ತಟ್ಟೆ ಖಾಲಿಯಾಯಿತು. ಎಲ್ಲರ ಮುಖ ಸಡಿಲವಾಗುತ್ತಿತ್ತು. ಅಲ್ಲಿಂದ ಬೋಸ್ನಿಯಾದವರ ಅಂಗಡಿಗೆ ಹೊರಟೆವು.

ಬಾಗಿಲು ಹಾಕಿತ್ತು.

ಗಾಜಿಗೆ ಅಂಟಿಸಿದ ಕಾಗದದಲ್ಲಿ ಒಡತಿಯ ಅಣ್ಣ ತೀರಿಕೊಂಡರೆಂದೂ ಕ್ಷಮಿಸಬೇಕೆಂದೂ ಬರೆದಿತ್ತು. ನನಗೆ ಅವಳ ಮುಖ ನೆನಪಾಯಿತು. ಅಷ್ಟರಲ್ಲಿ ಹನಿ ಮಳೆ ಶುರುವಾಯಿತು. ಒಂದು ಮಗು ಸ್ವೀಡಿಷಿನಲ್ಲಿ ಹಸಿವೆಂದು ರಾಗ ತೆಗೆಯಿತು, ಮಿಕ್ಕವು ದನಿಗೂಡಿಸಿದವು. ಸರ್ ಕೊಡೆ ಬಿಚ್ಚಿ, "ನಾನು ಮೊದಲೇ ಹೇಳಿದ್ದೆ ಅಂತ ಅನ್ನಲ್ಲಮ್ಮ. ಆದರೆ ಮುಂದಿನ ಬಸ್ ನೋಡೋಣ್ವಾ?" ಎಂದರು. ಚಹಾಕ್ಕಾದರೆ ಸರದಿಯ ಮೇಲೆ ಬಂದು ಹೋಗಬಹುದಿತ್ತು, ಅಷ್ಟು ಜನರನ್ನು ನಮ್ಮ ಪುಟ್ಟ ಮನೆಯಲ್ಲಿ ಒಟ್ಟಿಗೇ ಕೂರಿಸಿ ಉಣ್ಣಿಸುವ ಹಾಗಿರಲಿಲ್ಲ. ಕೆನ್ನೆ ಬಿಸಿಯಾಗಿ ನಾನು ಅಕ್ಕನ ಕಡೆ ನೋಡಿದೆ.

ಅವಳು ಆಗಲೇ ಕೆಫೆಯ ಕಡೆ ತಿರುಗಿಯಾಗಿತ್ತು.

ಹಿಂದೆಯೇ ಓಡಿದೆ. ಒಳಗೆ ಹೋದವಳೇ ಅವಳು ಗಡ್ಡದವನಿಗೆ ಹೂವಿನ ಕುಂಡಗಳನ್ನು ತೋರಿಸಿ ಕೇಳಿದಳು. ಅವಳ ಸ್ವೀಡಿಷಿನಲ್ಲಿ ವ್ಯಾಕರಣ ಇರಲಿಲ್ಲ, ಆದರೆ ಅರ್ಥ ಪೂರ್ತಿ ಇತ್ತು: "ಅದು ಬಿಸಿ ಆಗುತ್ತಾ?"

ಅವನು ಕುಂಡಗಳನ್ನು ನೋಡಿದ, ಬಾಗಿಲ ಬಳಿ ಮಳೆಯಲ್ಲಿ ನೆನೆಯುತ್ತ ನಿಂತ ನಮ್ಮ ಪರಿವಾರವನ್ನು ನೋಡಿದ. "ಆಗಬಹುದು" ಎಂದ.

"ತಂಗಚ್ಚಿ, ಹಿಟ್ಟು ತಾ!"

ನಾನೂ ಗಂಡನೂ ಓಡಿದೆವು. ಆ ಪಾತ್ರೆಯ ಎರಡು ಕಿವಿ ಇಬ್ಬರೂ ಹಿಡಿದುಕೊಂಡು, ಸಾರಿನ ಪಾತ್ರೆಯನ್ನು ನನ್ನ ಇನ್ನೊಂದು ಕೈಯಲ್ಲಿ ತೂಗಿಸಿಕೊಂಡು, ಮೂರು ಮಹಡಿ ಇಳಿದು ಮೊಲ್ಲನ್ ಬೀದಿಯಲ್ಲಿ ಅಡ್ಡಾದಿಡ್ಡಿ ಓಡುವಾಗ ಗಂಡ ನಗು ತಡೆಯಲಾರದೆ ನಿಂತೇಬಿಟ್ಟರು. "ನೋಡು, ಇದಕ್ಕೆ ಎಂಜಿನಿಯರಿಂಗ್ ಓದ್ಬೇಕಿತ್ತಾ ನಾನು" ಎಂದರು. ಮಳೆಯಲ್ಲಿ ನಾನೂ ನಕ್ಕೆ. ಸಾರು ಅಷ್ಟಿಷ್ಟು ತುಳುಕಿತು.

ಕೆಫೆಗೆ ಬರುವಷ್ಟರಲ್ಲಿ ಕುಂಡಗಳೆಲ್ಲ ನೆಲಕ್ಕಿಳಿದಿದ್ದವು. ಒಲೆಹಲಗೆ ತಿಕ್ಕಿಸಿಕೊಂಡು ಕರ್ರಗೆ ಹೊಳೆಯುತ್ತ ಹೊಗೆಯಾಡುತ್ತಿತ್ತು. ಅಕ್ಕ ತೋಳು ಮಡಚಿ, ಒಂದು ಉಂಡೆ ತೆಗೆದು ಅಂಗೈಯಲ್ಲಿ ಒತ್ತಿ, ಅಂಚು ಹಿಡಿದು ಗಾಳಿಯಲ್ಲಿ ಬೀಸಿದಳು. ಹಿಟ್ಟು ಕೌಂಟರಿನ ಕಲ್ಲಿಗೆ ಪಟ್ಟೆಂದು ಬಡಿದು, ಮತ್ತೆ ಎದ್ದು, ಮತ್ತೆ ಬಡಿದು, ಪ್ರತಿ ಸಲವೂ ಅಗಲವಾಗುತ್ತ ಕೊನೆಗೆ ಆ ಕಡೆಯ ದೀಪ ಈ ಕಡೆಗೆ ಕಾಣುವಷ್ಟು ತೆಳ್ಳಗಾಯಿತು. ಅದನ್ನು ಮಡಚಿ ಹಲಗೆಯ ಮೇಲೆ ಬಿಟ್ಟಾಗ ಎದ್ದ ವಾಸನೆಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಬೇರೆ ಗಿರಾಕಿಗಳೂ ತಲೆಯೆತ್ತಿದರು. ಮಕ್ಕಳು ಪ್ರತಿ ಬಡಿತಕ್ಕೂ "ಹೋ!" ಎಂದು ಕೂಗತೊಡಗಿದರು. ಬೆಂದ ರೋಟಿಯನ್ನು ಅವಳು ಎರಡು ಅಂಗೈ ನಡುವೆ ಹೊಡೆದು ಪದರ ಬಿಡಿಸಿ ತಟ್ಟೆಗೆ ಹಾಕುವುದು, ನಾನು ಸಾರು ಬಡಿಸುವುದು, ಗಂಡ ಹಂಚುವುದು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಸರ್ ಮೂಲೆಯಲ್ಲಿ ಕೊಡೆ ಹಿಡಿದೇ ಕೂತಿದ್ದರು. ಅವರಿಗೊಂದು ತಟ್ಟೆ ಕೊಟ್ಟೆ. ಒಂದು ಚೂರು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಕೊಡೆ ಜಾರಿ ಕೆಳಗೆ ಬಿತ್ತು.

"ಏನ್ ರುಚಿ ಆಗೇತ್ರೀ ಇದು! ಭಾಳ ಛಲೋ ಆಗೇತಿ! ಇನ್ನೊಂದ್ ಹಾಕ್ ತಂಗಿ, ಲಗೂ ಹಾಕ್!"

ಇಡೀ ಗುಂಪು ಬಾಯಿ ತೆರೆದು ಅವರನ್ನು ನೋಡಿತು. ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

"ಯಾಕ್ರಿ, ಹಿಂಗ್ಯಾಕ ನೋಡಾಕತ್ತೀರಿ?" ಎಂದು ಸರ್ ಎರಡನೆಯ ರೋಟಿ ಮುರಿದರು. "ಇಷ್ಟ್ ಹತ್ರ ಇಂಥಾದ್ ಇಟ್ಕೊಂಡು ನಾವು ಲುಂಡ್‌ನಾಗ ಕುಂತ್ ಬ್ರೆಡ್ ತಿನ್ನಾಕತ್ತೀವಲ್ಲ!"

ಅಂದಿನ ಮೇಲೆ ಅವರು ನಮ್ಮ ಜೊತೆ ಬೇರೆ ಕನ್ನಡ ಆಡಲೇ ಇಲ್ಲ.

ಉಂಡೆಗಳು ಮುಗಿದವು. ಲ್ಯಾಪ್‌ಟಾಪಿನವರೂ ತಿಂದಿದ್ದರು. ಸಂಜೆ ಎಲ್ಲರನ್ನೂ ಬಸ್ಸು ಹತ್ತಿಸಿ ಪಾತ್ರೆ ತೆಗೆದುಕೊಳ್ಳಲು ವಾಪಸು ಬಂದಾಗ ಗಡ್ಡದವನು ನೆಲ ಒರೆಸುತ್ತಿದ್ದ. ಕುಂಡಗಳನ್ನು ಮತ್ತೆ ಮೇಲಕ್ಕೆ ಇಟ್ಟಿರಲಿಲ್ಲ. ಅವನು ಅಕ್ಕನಿಗೆ, ಒಂದೊಂದೇ ಪದ ಬಿಡಿಸಿ, "ಮುಂದಿನ ಶನಿವಾರವೂ ಬರುತ್ತೀರಾ?" ಎಂದು ಕೇಳಿದ. ಅಕ್ಕ ಎಣ್ಣೆಗೈಯಿಂದಲೇ ಮುಖ ಮುಚ್ಚಿಕೊಂಡಳು. ಆಮೇಲೆ ಹೂಂ ಎಂದಳು.

ಮುಂದಿನ ವಾರ ಮೊದಲು ನಾವಿಬ್ಬರೂ ಬೋಸ್ನಿಯಾದ ಒಡತಿಯನ್ನು ಮಾತಾಡಿಸಲು ಹೋದೆವು. ಅವಳು ಊಟ ತಪ್ಪಿತೆಂದು ನಮ್ಮ ಕೈ ಹಿಡಿದು ಅತ್ತಳು. ನಾವು ಅವಳ ಅಣ್ಣನ ಬಗ್ಗೆ ಕೇಳಿದೆವು. ಮೂವರಿಗೂ ತಾಯ್ನುಡಿಯಲ್ಲದ ಭಾಷೆಯಲ್ಲಿ ಅವಳು ಅವನ ಚಿಕ್ಕಂದಿನ ತುಂಟತನಗಳನ್ನು ಹೇಳಿದಳು. ಒಂದು ಪದವೂ ನಮಗೆ ಅರ್ಥವಾಗದೆ ಹೋಗಲಿಲ್ಲ.

ಆ ಬೇಸಿಗೆಯಿಡೀ ಶನಿವಾರಗಳಲ್ಲಿ ಕೆಫೆಯ ಒಲೆಹಲಗೆ ಅಕ್ಕನದು. ನಾನು ಬಡಿಸುತ್ತಿದ್ದೆ. ರೋಟಿಯನ್ನು ಚಾಕು ಮುಳ್ಳುಚಮಚದಲ್ಲಿ ಕತ್ತರಿಸಲು ಹೋಗುವವರನ್ನು ತಡೆದು ಕೈಯಲ್ಲಿ ಹರಿಯುವುದು ಹೇಗೆಂದು ಸ್ವೀಡಿಷಿನಲ್ಲಿ ವಿವರಿಸುವುದು ನನ್ನ ಕೆಲಸ. ವಿವರಿಸುತ್ತ ವಿವರಿಸುತ್ತ ಒಂದು ದಿನ, ನಾನು ತಲೆಯೊಳಗೆ ಕನ್ನಡದಿಂದ ತಿರುಗಿಸಿಕೊಳ್ಳದೆ ನೇರ ಮಾತಾಡುತ್ತಿದ್ದೇನೆ ಎಂಬುದು ಗಮನಕ್ಕೆ ಬಂದು ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಮರುವರ್ಷ ನನಗೆ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ತರಗತಿಗೆ ಸಹಾಯಕಿಯ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಮುಖ್ಯೋಪಾಧ್ಯಾಯಿನಿ ನನ್ನ ಭಾಷೆ ಕೇಳಿ, ನಿಮ್ಮ ಮಾತಿನಲ್ಲಿ ಮೊಲ್ಲನ್‌ನ ಎಲ್ಲ ಅಂಗಡಿಗಳೂ ಕೇಳಿಸುತ್ತವೆ ಎಂದು ನಕ್ಕರು.

ಅಕ್ಕನಿಗೂ ಮುಂದೆ ಒಂದು ಸ್ವಂತ ಜಾಗ ಸಿಕ್ಕಿತು. ಟಿವಿ ರಿಪೇರಿ ಮಾಡುತ್ತಿದ್ದವನೊಬ್ಬ ಬಿಟ್ಟುಹೋದ ಪುಟ್ಟ ಅಂಗಡಿ. ಕೊಮ್ಮೂನ್‌ನವರ ಪರವಾನಗಿಗೆ ತಿಂಗಳುಗಟ್ಟಲೆ ಕಾದು, ಅವಳ ಗಂಡ ಸಮುದ್ರದಿಂದ ರಜೆಗೆ ಬಂದಾಗ ಗೋಡೆಗೆ ಅರಿಶಿನದ ಬಣ್ಣ ಹೊಡೆದು, ಹೊಸ ಕಾವಲಿ, ಅಕ್ಕನ ತಮಿಳಿನಲ್ಲಿ ಕಲ್ಲು, ಕೂರಿಸಿದೆವು. ತೆರೆದ ದಿನ ಹೊರಗೆ ಹಿಮ ಉದುರುತ್ತಿತ್ತು. ಬಾಗಿಲು ತೆಗೆಯುವ ಮುಂಚೆ ಮೊದಲ ರೋಟಿ ಬಡಿಯುವಾಗ ಅಕ್ಕ ಇಪೋದಲ್ಲಿದ್ದ ತಾಯಿಗೆ ಫೋನ್ ಮಾಡಿ, ಫೋನನ್ನು ಕಾವಲಿಯ ಹತ್ತಿರ ಹಿಡಿ ಎಂದು ನನ್ನ ಕೈಗೆ ಕೊಟ್ಟಳು. ಹಿಟ್ಟು ಪಟ್ಟೆಂದು ಬಿತ್ತು, ಎಣ್ಣೆ ಚುಂಯ್ ಎಂದಿತು. ಹಲೋ ಹಲೋ ಎನ್ನುತ್ತ ನಾನು ಫೋನನ್ನು ಕಿವಿಗೆ ಒತ್ತಿದೆ. ಆ ಕಡೆಯಿಂದ ವಯಸ್ಸಾದ ದನಿಯೊಂದು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿತು:

"ಕಲ್ಲು ಇನ್ನೂ ಕಾದಿಲ್ಲ ಅಂತ ಹೇಳು ಅವಳಿಗೆ!"